ಹೆಗಲಿನ ಮೆತ್ತೆ

ಮೇಷ್ಟ್ರು ಹೋಗಿ ಎರಡು ತಿಂಗಳಾಯಿತು. ಅವರ ಕೈಗಳು ಹೋಗಿ ಮಾತ್ರ ಎರಡು ವರ್ಷದ ಮೇಲಾಗಿತ್ತು. ಮನುಷ್ಯ ಬದುಕಿರುವಾಗಲೇ ಕೈ ಹೋಗುವುದು ಅಂದರೆ ಏನು ಅಂತ ನಾನು ಅವರನ್ನು ನೋಡಿಯೇ ತಿಳಿದುಕೊಂಡೆ. ಅನ್ನ ಕಲಸಲು ಆಗದು, ಅಂಗಿಯ ಗುಂಡಿ ಹಾಕಲು ಆಗದು, ಬಸ್ಸಿನ ಕಂಬಿ ಹಿಡಿಯಲು ಆಗದು. ಆ ಕೈಗಳು ಹೋದದ್ದರಲ್ಲಿ ನನ್ನ ಪಾಲೂ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಗುಣಗಾನ ಮಾಡಿ, ಕೊನೆಗೆ ಕಣ್ಣೊರೆಸಿಕೊಂಡು ಮೆಲ್ಲಗೆ ಜಾರಿಕೊಳ್ಳುವ ಬುದ್ಧಿ ನನಗೆ ಬರಬಾರದು, ಅದಕ್ಕೆ.

ನಾನು ತುಮಕೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಇಪ್ಪತ್ತರ ಹರೆಯದಲ್ಲಿ, ಎದೆ ಅನ್ನುವುದೇ ಇಲ್ಲದ ಕಾಲದಲ್ಲಿ, ಮೇಷ್ಟ್ರ ಜಿಮ್ಮಿಗೆ ಸೇರಿದೆ. ಜಿಮ್ಮು ಅಂದರೆ ಈಗಿನ ಹಾಗೆ ಏಸಿ, ಹಾಡು, ಗೋಡೆ ತುಂಬ ಕನ್ನಡಿ ಇರಲಿಲ್ಲ. ಹಳೆಯ ಗರಡಿಮನೆಯ ನೆಲಕ್ಕೆ ಸಿಮೆಂಟು ಬಳಿದು, ಕಬ್ಬಿಣ ತಂದಿಟ್ಟ ಜಾಗ ಅದು. ಒಂದು ಕನ್ನಡಿ ಇತ್ತು, ಅಂಗೈ ಅಗಲದ್ದು. ಅದರ ಮುಂದೆ ಯಾರಾದರೂ ತೋಳು ಮಡಚಿ ನಿಂತರೆ ಮೇಷ್ಟ್ರಿಗೆ ಉರಿದುಹೋಗುತ್ತಿತ್ತು. "ಮುಖ ನೋಡ್ಕೊಳಕ್ಕೆ ಕಟಿಂಗ್ ಶಾಪಿಗೆ ಹೋಗ್ಲಾ. ಇಲ್ಲಿ ಕಾಲು ನೋಡ್ಕೋ. ಕಾಲು ಕಡ್ಡಿ ಇದ್ದಂಗಿದ್ರೆ ಮೇಲೆ ಎಷ್ಟು ಕಟ್ಟಿದ್ರೂ ಒಂದಿನ ಕುಸೀತದೆ."

ಅವರ ಪ್ರಕಾರ ವ್ಯಾಯಾಮ ಅಂದರೆ ಬಸ್ಕಿ ಒಂದೇ. ಉಳಿದದ್ದೆಲ್ಲ ಟೈಂಪಾಸು. ಹೆಗಲ ಮೇಲೆ ಕಬ್ಬಿಣ ಹೊತ್ತು ಕೂತು ಏಳಬೇಕು. ನಮಗೆ ಲೆಕ್ಕ ಹೇಳುವವರೂ ಅವರೇ. ಕಣದಲ್ಲಿ ರಾಗಿ ಅಳೆಯುವವರು ಮೊದಲನೇ ಕೊಳಗಕ್ಕೆ ಒಂದು ಅನ್ನದೆ 'ಲಾಭ' ಅನ್ನುತ್ತಾರಲ್ಲ, ಹಾಗೆ ಇವರೂ ಮೊದಲನೇ ಬಸ್ಕಿಗೆ "ಲಾಭ" ಅನ್ನುತ್ತಿದ್ದರು. ಲಾಭ, ಎರಡು, ಮೂರು, ನಾಲ್ಕು. ತುಮಕೂರಿನ ಹುಡುಗರೆಲ್ಲ ಮುಸಿಮುಸಿ ನಗುತ್ತಿದ್ದೆವು. ಆಮೇಲಾಮೇಲೆ ಮನೆಯಲ್ಲಿ ಮೆಟ್ಟಿಲು ಹತ್ತುವಾಗಲೂ ನನ್ನ ಬಾಯಲ್ಲಿ ಲಾಭ ಅಂತಲೇ ಬರತೊಡಗಿತು.

ಅವರದು ಚೇಳೂರಿನ ಕಡೆಯ ಹಳ್ಳಿ. ಅಲ್ಲಿ ದೇವರನ್ನು ಅಡ್ಡೆಯ ಮೇಲೆ ಹೊರುತ್ತಾರೆ. ಎರಡು ಉದ್ದನೆಯ ಮರದ ದಿಂಡುಗಳು, ನಡುವೆ ದೇವರು, ಮುಂದೆ ಹಿಂದೆ ಹೆಗಲು ಕೊಡುವ ಗಂಡಸರು. ದೇವರು ಕುಣಿದರೆ ಆ ದಿಂಡು ಹೆಗಲ ಮೇಲೆ ಎದ್ದೆದ್ದು ಬೀಳುತ್ತದೆ. ಮೇಷ್ಟ್ರು ಮೀಸೆ ಮೂಡುವ ಮೊದಲೇ ಹೆಗಲು ಕೊಟ್ಟವರು. ಅವರ ಬಲಗಡೆಯ ಹೆಗಲ ಮೇಲೆ ನಿಂಬೆಹಣ್ಣಿನ ಗಾತ್ರದ ಗಂಟೊಂದು ಇತ್ತು. ಹೊಸದಾಗಿ ಸೇರಿದವರು ಅದನ್ನೇ ನೋಡುತ್ತಿದ್ದರೆ, "ಏನ್ಲಾ, ಮುಟ್ಬೇಕಾ? ಮುಟ್ಟು. ದೇವ್ರು ಕೊಟ್ಟಿದ್ದು" ಅಂತ ಹೆಗಲು ಬಗ್ಗಿಸುತ್ತಿದ್ದರು. ನಾನೂ ಮುಟ್ಟಿದ್ದೇನೆ. ಕಲ್ಲಿನಷ್ಟು ಗಟ್ಟಿ ಇತ್ತು.

ಜಿಮ್ಮಿನಲ್ಲಿ ಅವರದೊಂದು ಪದ್ಧತಿ. ಹೊಸ ಕಬ್ಬಿಣ ಏನೇ ಬರಲಿ, ವಿಭೂತಿ ಹಚ್ಚಿ, ನಿಂಬೆಹಣ್ಣು ಇಟ್ಟು, ಮೊದಲು ಅವರೇ ಹೊರಬೇಕು. ಆಮೇಲೆ ನಾವು. ಯಾಕೆ ಅಂತ ಕೇಳಿದ್ದಕ್ಕೆ, "ಅದ್ರ ಗುಣ ನಂಗ್ ಮೊದ್ಲು ಗೊತ್ತಾಗ್ಲಿ. ಕೆಟ್ಟದ್ದಿದ್ರೆ ನನ್ ಮೈಮ್ಯಾಲೇ ಬರ್ಲಿ" ಅಂದಿದ್ದರು. ಆ ವಯಸ್ಸಿನಲ್ಲಿ ನಮಗೆ ಅದು ದೊಡ್ಡ ಹೀರೋ ಮಾತಾಗಿ ಕೇಳಿತ್ತು.

ಹನ್ನೆರಡು ವರ್ಷದ ಹಿಂದೆ ಕಟ್ಟಡದವರು ಜಾಗ ಬಿಡಿಸಿಕೊಂಡರು. ಅಲ್ಲಿ ಗಾಜಿನ ಬಾಗಿಲಿನ ಜಿಮ್ಮು ಬಂತು. ಮೇಷ್ಟ್ರು ಗುಬ್ಬಿಗೆ ಹೋಗಿ, ಹೆಂಡತಿಯ ತವರಿನ ಕಡೆಯ ಸಣ್ಣ ಮನೆಯಲ್ಲಿ ಸೇರಿಕೊಂಡರು. ಮಕ್ಕಳಿರಲಿಲ್ಲ. ನಾವು ಇನ್ನೂರು ಮುನ್ನೂರು ಜನ ಶಿಷ್ಯರಿದ್ದೆವಲ್ಲ, ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ಇನ್ನೊಬ್ಬರ ಮೇಲೆ ಯಾಕೆ ಹೇಳಲಿ, ನಾನೂ ಹಾಕಲಿಲ್ಲ. ಗುಬ್ಬಿ ಏನು ಕಾಶಿಯಾ? ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುತ್ತದೆ.

ಹೋದದ್ದು ನನಗೆ ಕೆಲಸ ಬಿದ್ದಾಗ. ಐವತ್ತರ ಹತ್ತಿರ ಬಂದವನಿಗೆ ಸಕ್ಕರೆ ಕಾಯಿಲೆ ಶುರುವಾಯಿತು, ಬಲಗೈ ಭುಜದಲ್ಲೇ ಹಿಡಿದುಕೊಂಡುಬಿಟ್ಟಿತು. ಡಾಕ್ಟರು ಕಾಲಿಗೆ ವ್ಯಾಯಾಮ ಕೊಡಿ, ಸಕ್ಕರೆ ಇಳಿಯುತ್ತದೆ ಅಂದರು. ಮನೆಯ ಕಾರು ಶೆಡ್ಡಿನಲ್ಲಿ ಕಾರೇ ಇರಲಿಲ್ಲ. ಅಲ್ಲೇ ಒಂದು ಸ್ಟ್ಯಾಂಡು, ಒಂದಷ್ಟು ತೂಕದ ಪ್ಲೇಟು ತಂದು ಹಾಕಿದೆ. ಆದರೆ ನೇರವಾದ ಬಾರನ್ನು, ಅಂದರೆ ಪ್ಲೇಟು ಸಿಕ್ಕಿಸುವ ಕಬ್ಬಿಣದ ಸರಳನ್ನು, ಬೆನ್ನ ಮೇಲೆ ಇಟ್ಟುಕೊಂಡರೆ ಎರಡೂ ಕೈ ಹಿಂದಕ್ಕೆ ತಿರುಗಿಸಿ ಹಿಡಿಯಬೇಕು. ನನ್ನ ಬಲಗೈ ಬೆನ್ನು ಕೆರೆಯಲೂ ಹಿಂದೆ ಹೋಗುತ್ತಿರಲಿಲ್ಲ.

ಇದಕ್ಕೆಂದೇ ಒಂದು ಬಾರು ಇದೆ. ಹೆಗಲ ಮೇಲೆ ನೊಗದ ಹಾಗೆ ಕೂರುತ್ತದೆ. ಕುತ್ತಿಗೆಯ ಎರಡೂ ಬದಿಗೆ ಮೆತ್ತೆ, ಮುಂದಕ್ಕೆ ಚಾಚಿದ ಎರಡು ಹಿಡಿ, ತುದಿಗಳು ಸ್ವಲ್ಪ ಬಾಗಿರುತ್ತವೆ. ಕೈ ಹಿಂದೆ ಹೋಗಬೇಕಾಗಿಲ್ಲ. ಮೊಬೈಲಿನಲ್ಲಿ ನೋಡಿದರೆ ನೂರೆಂಟು ನಮೂನೆ. ಒಂದರಲ್ಲಿ ಮೆತ್ತೆ ಕೆಂಪು, ಒಂದರಲ್ಲಿ ಕಪ್ಪು, ಒಂದರ ಹಿಡಿ ಗೇಣುದ್ದ, ಒಂದರದ್ದು ಮೊಳದುದ್ದ. ಎಲ್ಲದಕ್ಕೂ ಐದು ನಕ್ಷತ್ರ. ನನಗೆ ತಲೆ ಕೆಟ್ಟು ಹನ್ನೆರಡಾಯಿತು. ಆಗ ನೆನಪಾದವರು ಮೇಷ್ಟ್ರು.

ಬಾಗಿಲು ತೆಗೆದವರು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಏನ್ಲಾ ಕನ್ನಡಕ, ಹೊಟ್ಟೆ ಮಾತ್ರ ಚೆನ್ನಾಗಿ ಬೆಳ್ಸಿದೀಯ" ಅಂದರು. ಹತ್ತು ವರ್ಷ ಎಲ್ಲಿ ಹಾಳಾಗಿಹೋಗಿದ್ದೆ ಅಂತ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ವಿಷಯ ಹೇಳಿದೆ. ಅವರ ಮುಖ ಅರಳಿದ್ದನ್ನು ನಾನು ಇವತ್ತಿಗೂ ಮರೆಯಲಾರೆ. ಮೊಬೈಲು ಇಸಿದುಕೊಂಡು ಒಂದೊಂದೇ ಚಿತ್ರ ನೋಡಿದರು. ನೋಡಿ ಮಂಚದ ಮೇಲಿಟ್ಟರು. "ಫೋಟೋ ನೋಡಿ ಹೆಣ್ಣು ತಂದ್ರೂ ತರ್ಬೋದು ಕಣೋ, ಹೆಗಲ ಮ್ಯಾಲೆ ಹೊರೋದನ್ನ ತರ್ಬಾರ್ದು. ಹೊತ್ತು ನೋಡ್ಬೇಕು."

ಒಳಗಿನಿಂದ ಅಮ್ಮ, ಅಂದರೆ ಅವರ ಹೆಂಡತಿ, "ನೀವು ಹೊರಬ್ಯಾಡಿ, ಅಷ್ಟೇ" ಅಂದದ್ದು ಕೇಳಿಸಿತು. ವಯಸ್ಸಾಯಿತಲ್ಲ, ಹೆಂಗಸರ ಕಾಳಜಿ ಅಂದುಕೊಂಡೆ.

ಕುಣಿಗಲ್ಲಿನಲ್ಲಿ ಗ್ರಿಲ್ಲು, ಗೇಟು ಮಾಡುವ ಒಬ್ಬ ಆಸಾಮಿ ಜಿಮ್ಮಿನ ಸಾಮಾನೂ ಮಾಡಿಕೊಡುತ್ತಾನೆ ಅಂತ ಗೊತ್ತಾಗಿ ಇಬ್ಬರೂ ಹೊರಟೆವು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದರಿಂದ ಅಂಗಿ ಒಂದು ಕಡೆ ಮೇಲಕ್ಕೆ ಎದ್ದಿತ್ತು. ಹೇಳಿದೆ. ಸರಿಮಾಡಿಕೊಳ್ಳಲು ಹೋಗಿ ಬೆರಳುಗಳು ತಡವರಿಸಿದವು. "ಇರ್ಲಿ ಬುಡು, ಮದ್ವೆ ಗಂಡಾ ನಾನು" ಅಂದು ಸುಮ್ಮನಾದರು.

ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಕಾಫಿಗೆ ಕೂತೆವು. ಕಾಫಿ ತಣ್ಣಗಿತ್ತು. ನನಗೆ ತಣ್ಣನೆಯ ಕಾಫಿ ಕೊಟ್ಟರೆ ಮೈಯೆಲ್ಲ ಉರಿಯುತ್ತದೆ. ಸಪ್ಲೈಯರ್‌ನನ್ನು ಕರೆದು, "ಏನ್ರೀ ಇದು, ನಿನ್ನೆ ಕಾಸಿದ್ದಾ?" ಅಂತ ಜಗಳ ಆಡಿದೆ. ಅವನು ಗೊಣಗಿಕೊಂಡು ಅತ್ತ ಹೋದ. ಇತ್ತ ಮೇಷ್ಟ್ರ ಕೈಯಿಂದ ಲೋಟ ಜಾರಿ ಟೇಬಲ್ಲಿನ ಮೇಲೆ ಬಿತ್ತು. ಕಾಫಿ ಬಿಳಿ ಅಂಗಿಗೆ ಹಾರಿತು. ಅವರು ತಮ್ಮ ಬೆರಳುಗಳನ್ನೇ ನೋಡುತ್ತ, "ಬಿಸಿ ಇತ್ತು ಕಣೋ" ಅಂದರು.

ತಣ್ಣಗಿದೆ ಅಂತ ನಾನು ಆಗತಾನೇ ಜಗಳ ಆಡಿದ್ದ ಕಾಫಿ ಅದು. ನನಗೆ ಗೊತ್ತಾಯಿತು. ಇವರ ಕೈಗೆ ಏನೋ ಆಗಿದೆ, ಮುಚ್ಚಿಡುತ್ತಿದ್ದಾರೆ ಅಂತ ಸ್ಪಷ್ಟವಾಗಿ ಗೊತ್ತಾಯಿತು. ಕೇಳಲಿಲ್ಲ. ಕೇಳಿದರೆ ವಾಪಸ್ಸು ಹೋಗೋಣ ಅನ್ನಬೇಕಾಗುತ್ತಿತ್ತು. ನನಗೆ ಅವತ್ತೇ ಬಾರು ಬೇಕಾಗಿತ್ತು. ಕರ್ಚೀಫು ಕೊಟ್ಟು, "ಒರೆಸ್ಕೊಳಿ ಮೇಷ್ಟ್ರೇ, ಲೇಟಾಗ್ತದೆ" ಅಂದೆ. ಥೂ ನನ್ನ ಜನ್ಮಕ್ಕೆ.

ವರ್ಕ್‌ಶಾಪಿನಲ್ಲಿ ಎರಡು ಬಾರು ಇದ್ದವು. ಒಂದಕ್ಕೆ ಮೆರುಗು ಕೊಟ್ಟು, ದಪ್ಪನೆಯ ಸ್ಪಂಜಿನ ಮೇಲೆ ಕೆಂಪು ರೆಕ್ಸಿನ್ ಹಾಕಿದ್ದರು. ಇನ್ನೊಂದಕ್ಕೆ ಕರಿ ಬಣ್ಣ, ಗಟ್ಟಿ ರಬ್ಬರಿನ ತೆಳು ಮೆತ್ತೆ, ನೋಡಲು ಲಾರಿಯ ಬಿಡಿಭಾಗದ ಹಾಗಿತ್ತು. ಮೇಷ್ಟ್ರು ಮೊದಲು ಎರಡನ್ನೂ ಮೂಸಿದರು. ಕಬ್ಬಿಣವನ್ನು ಮೂಸುವುದು ಅವರ ಹಳೆಯ ಚಾಳಿ. ಆಮೇಲೆ ವರ್ಕ್‌ಶಾಪಿನವನನ್ನೇ ಕರೆದು ಅವನ ಹೆಗಲ ಮೇಲೆ ಬಾರಿಡಿಸಿ ಸುತ್ತ ತಿರುಗಿ ನೋಡಿದರು. ಕುತ್ತಿಗೆಗೂ ಮೆತ್ತೆಗೂ ನಡುವೆ ಎಷ್ಟು ಜಾಗ, ಹಿಡಿ ಎಲ್ಲಿಗೆ ಬರುತ್ತದೆ, ತುದಿ ಎಷ್ಟು ಬಾಗಿದೆ. "ಈಗ ಕೈ ಬುಡಪ್ಪ" ಅಂದರು. ಅವನು ಹಿಡಿಯಿಂದ ಕೈ ತೆಗೆದ. ಕರಿ ಬಾರು ಹಾಗೇ ಕೂತಿತ್ತು. ಕೆಂಪು ಮೆತ್ತೆಯದು ಸಣ್ಣಗೆ ಹಿಂದಕ್ಕೆ ಉರುಳಿತು.

ನಾನು ಕೆಂಪು ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದೆ. ಬೆಣ್ಣೆಯ ಹಾಗಿತ್ತು. ಮೇಷ್ಟ್ರು ನನ್ನ ಕೈ ಸರಿಸಿದರು. "ಬೆರಳಿಗೆ ಚೆನ್ನಾಗಿರ್ತದೆ ಕಣೋ. ಹೆಗಲಿಗಲ್ಲ. ಒಂದು ವರ್ಷ ನಾವೂ ಅಡ್ಡೆ ಹೊರುವಾಗ ಕಂಬಳಿ ಬುಟ್ಟು ಹೊಸ ಹತ್ತಿ ಮೆತ್ತೆ ಇಟ್ಕೊಂಡೋ. ಎರಡು ಸುತ್ತು ಬರೋದ್ರಲ್ಲಿ ಹತ್ತಿ ಎಲ್ಲೋ, ದಿಂಡು ಮೂಳೆಗೆ. ಈ ಗಂಟು ಆ ವರ್ಷದ್ದೇ. ಮೆತ್ತಗಿರೋದು ಕೂತ್ಕೊಳಕ್ಕೆ, ಹೊರಕ್ಕಲ್ಲ."

"ನನ್ ಭುಜ ಮೊದ್ಲೇ ನೋಯ್ತದೆ ಮೇಷ್ಟ್ರೇ" ಅಂದೆ.

"ನಿನ್ ಹೆಗಲು, ನಿನ್ನಿಷ್ಟ" ಅಂದರು. ಅಷ್ಟು ದೂರ ಕರೆದುಕೊಂಡು ಬಂದು, ಅವರ ಮಾತು ಕೇಳಿ, ಕೊನೆಗೆ ನಾನು ಕೆಂಪು ಮೆತ್ತೆಯದನ್ನೇ ತೆಗೆದುಕೊಂಡೆ. ಲಗೇಜ್ ಆಟೋದಲ್ಲಿ ಹಾಕಿಕೊಂಡು ತುಮಕೂರಿಗೆ ಬಂದೆವು. ದಾರಿಯುದ್ದಕ್ಕೂ ಅವರು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು.

ಆಮೇಲಿನ ಸೋಮವಾರ ಬೆಳಿಗ್ಗೆ ಶೆಡ್ಡಿನಲ್ಲಿ ಪೂಜೆ. ಅವರನ್ನು ಸಂತೋಷಪಡಿಸಬೇಕು, ಹತ್ತು ವರ್ಷ ಮರೆತಿದ್ದನ್ನು ಸರಿಮಾಡಬೇಕು ಅಂತ ನನ್ನ ತಲೆಯಲ್ಲಿ. ಬಾರಿಗೆ ವಿಭೂತಿ ಹಚ್ಚಿದೆ. ನಿಂಬೆಹಣ್ಣು ಇಟ್ಟೆ. ಎರಡೂ ಕಡೆ ಪ್ಲೇಟು ಹಾಕಿದೆ. ಹಾಕಿ, "ಮೊದ್ಲು ನೀವೇ ಮೇಷ್ಟ್ರೇ, ನಮ್ ಪದ್ಧತಿ ಬಿಡಬಾರ್ದು" ಅಂದೆ. ಒಂದು ಕ್ಷಣ ಬಾರನ್ನು ನೋಡುತ್ತ ನಿಂತರು. ನನ್ನ ಮುಖ ನೋಡಿದರು. ಬೇಡ ಅನ್ನುವುದಕ್ಕೆ ಅದೊಂದೇ ಅವಕಾಶ ಇತ್ತು, ಅವರಿಗೂ ನನಗೂ. ಲೋಟ ಜಾರಿದ್ದು ನನ್ನ ಕಣ್ಣ ಮುಂದೆ ಬಂತು. ಬಂದದ್ದನ್ನು ನೂಕಿದೆ. ಅವರು ಅಂಗಿ ಬಿಚ್ಚಲಿಲ್ಲ, ಟವೆಲ್ಲು ಸೊಂಟಕ್ಕೆ ಬಿಗಿದರು, ಬಾರಿನ ಕೆಳಗೆ ಹೋದರು.

"ಲಾಭ" ಅಂದರು. ಕೂತರು. ತಳದಲ್ಲಿ ಸ್ಪಂಜು ಅಪ್ಪಚ್ಚಿಯಾಗಿ ಕಬ್ಬಿಣ ಹಿಂದಕ್ಕೆ ಹೊರಳಿ ಕುತ್ತಿಗೆಯ ಬುಡಕ್ಕೆ ಕೂತದ್ದು ನನಗೆ ಕಾಣಿಸಿತು. ಅವರ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಎದ್ದರು. ಹೇಗೆ ಎದ್ದರೋ ಆ ಶಿವನಿಗೇ ಗೊತ್ತು. ಬಾರನ್ನು ಸ್ಟ್ಯಾಂಡಿಗೆ ಒಪ್ಪಿಸಿ, ಹಾಗೇ ಅದಕ್ಕೆ ಒರಗಿಕೊಂಡು ನಿಂತರು. ಎರಡು ಅಂತ ಅವರ ಬಾಯಿಂದ ಬರುವುದನ್ನು ನಾನು ಕಾಯುತ್ತಿದ್ದೆ. ಬರಲಿಲ್ಲ.

"ಮೆತ್ತೆ ಬದಲಾಯಿಸ್ಬೇಕು ಕಣೋ" ಅಂದರು ಆಮೇಲೆ. "ನಾನೇ ಮಾಡ್ಕೊಡ್ತೀನಿ. ಅಲ್ಲೀಗಂಟ ನೀನು ಇದನ್ನ ಹೊರಬ್ಯಾಡ." ನಿಂಬೆಹಣ್ಣು ಎತ್ತಿಕೊಳ್ಳಲು ಬಗ್ಗಿದರು. ಅದು ಬೆರಳಿಗೆ ಸಿಗಲಿಲ್ಲ. ಮೂರು ಸಲ ನೋಡಿ, ಕಾಲಿನಲ್ಲಿ ಗೋಡೆಯ ಪಕ್ಕಕ್ಕೆ ಸರಿಸಿದರು. ಪೂಜೆಗೆ ಇಟ್ಟದ್ದನ್ನು ಕಾಲಿನಿಂದ ಮುಟ್ಟುವ ಮನುಷ್ಯರಲ್ಲ ಅವರು.

ಮೂರು ವಾರ ಬಿಟ್ಟು ಮೆತ್ತೆ ತಂದರು. ಒಳಗೆ ಗಟ್ಟಿ ರಬ್ಬರು, ಮೇಲೆ ಹಳೆಯ ಕರಿ ಕಂಬಳಿಯ ನಾಲ್ಕು ಮಡಿಕೆ. ಅಡ್ಡೆ ಹೊರುವಾಗ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಕಂಬಳಿ ಅದು. ದಬ್ಬಳಕ್ಕೆ ಹುರಿ ಪೋಣಿಸಿ ಕೈಯಲ್ಲೇ ಹೊಲಿದಿದ್ದರು. ಜಿಮ್ಮಿನ ಕಾಲದಲ್ಲಿ ನಮ್ಮ ಚರ್ಮದ ಬೆಲ್ಟುಗಳನ್ನೆಲ್ಲ ಅವರೇ ಹೊಲಿಯುತ್ತಿದ್ದದ್ದು, ಮಿಷನ್ನು ಹಾಕಿದ ಹಾಗೆ ಬರುತ್ತಿತ್ತು. ಇದರ ಹೊಲಿಗೆ ಹಾವು ಹರಿದ ಹಾಗಿತ್ತು. ಹುರಿಯ ಮೇಲೆ ಅಲ್ಲಲ್ಲಿ ಕಂದು ಚುಕ್ಕೆಗಳು.

ನಾನು ಏನಂದೆ ಗೊತ್ತೇ? "ಏನ್ ಮೇಷ್ಟ್ರೇ, ಹಾಕ್ಕೊಂಡು ಹೊಲಿದ್ರಾ?" ಅಂದೆ.

ಅವರು ನಕ್ಕರು. "ಹೂಂ ಕಣ್ಲಾ, ಒಂದ್ ಕ್ವಾರ್ಟರ್." ಹೆಗಲು ಹರಿದ ಕಾಲದಲ್ಲೂ ಒಂದು ತೊಟ್ಟು ಮುಟ್ಟಿದವರಲ್ಲ. ದಬ್ಬಳ ಚುಚ್ಚಿದ್ದೂ ತಿಳಿಯದ ಬೆರಳುಗಳು ಅವು ಅಂತ ಆ ಚುಕ್ಕೆ ನೋಡಿದಾಗಲೇ ನನಗೆ ತಿಳಿಯಬೇಕಿತ್ತು. ತಿಳಿಯಿತು ಕೂಡ. ಆದರೂ ನಗಾಡಿದೆ.

ಆ ತಿಂಗಳೇ ಬೆಂಗಳೂರಿನಲ್ಲಿ ಕುತ್ತಿಗೆಯ ಆಪರೇಷನ್ ಆಯಿತು. ಇನ್ನೂ ಮೊದಲೇ ಬರಬೇಕಿತ್ತು ಅಂದರಂತೆ. ಕಾಲು ಉಳಿಯಿತು, ಕೈ ವಾಪಸ್ಸು ಬರಲಿಲ್ಲ. ಎರಡು ವರ್ಷದಲ್ಲಿ ನಾನು ನಾಲ್ಕು ಸಲ ಹೋಗಿ ಬಂದೆ. ಹೆಚ್ಚಿಗೆ ಹೋಗಲು ಧೈರ್ಯ ಸಾಲಲಿಲ್ಲ. ಒಂದು ಸಲ ಊಟದ ಹೊತ್ತು. ಅಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದರು. "ನೋಡ್ಲಾ, ಮದ್ವೆ ದಿನ ಒಂದೇ ತುತ್ತು ತಿನ್ನಿಸಿದ್ಳು. ಈಗ ದಿನಾ ಮದ್ವೆ" ಅಂತ ಮೇಷ್ಟ್ರು ಕಣ್ಣು ಮಿಟುಕಿಸಿದರು. ಅಮ್ಮ ನಗಲಿಲ್ಲ. ನನಗೂ ನಗು ಬರಲಿಲ್ಲ.

ಪ್ರತಿ ಸಲವೂ ಒಂದೇ ಪ್ರಶ್ನೆ. "ಬಸ್ಕಿ ಹೊಡೀತಿದೀಯಾ? ಮೆತ್ತೆ ಹೆಂಗದೆ?" ಹತ್ತಿರ ಕೂರಿಸಿಕೊಂಡು, ತಮ್ಮ ಮಣಿಕಟ್ಟಿನಿಂದ ನನ್ನ ಕುತ್ತಿಗೆಯ ಬುಡ ಒತ್ತಿ, "ಇಲ್ಲಿ ನೋವಿಲ್ವಲ್ಲ?" ಅಂತ ಕೇಳುತ್ತಿದ್ದರು. ಇಲ್ಲ ಮೇಷ್ಟ್ರೇ ಅನ್ನುತ್ತಿದ್ದೆ. ಅದು ನಿಜ. ಆ ಕಂಬಳಿ ಮೆತ್ತೆ ಹಾಕಿದ ಮೇಲೆ ಬಾರು ಹೆಗಲ ಮೇಲೆ ಕದಲದೆ ಕೂರುತ್ತದೆ. ಕೈ ಬಿಟ್ಟರೂ ಉರುಳುವುದಿಲ್ಲ. ನನ್ನ ಸಕ್ಕರೆ ಇಳಿದಿದೆ, ಕಾಲು ಗಟ್ಟಿಯಾಗಿವೆ. ಇವತ್ತು ಬೆಳಿಗ್ಗೆಯೂ ಇಪ್ಪತ್ತು ಹೊಡೆದೆ. ಲಾಭ ಅಂತಲೇ ಶುರುಮಾಡಿದೆ.

ಒಂದು ಮುಂಜಾನೆ ಅವರು ನಿದ್ದೆಯಿಂದ ಏಳಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಗುಬ್ಬಿಗೆ ಹೋಗಿದ್ದೆ. ಊಟ ಮುಗಿದು ಬಂದವರೆಲ್ಲ ಹೊರಟ ಮೇಲೆ ಅಮ್ಮ ಕಾಫಿ ತಂದುಕೊಟ್ಟು, ನನ್ನ ಎದುರು ಗೋಡೆಗೆ ಒರಗಿ ಕೂತರು.

"ನೀನು ಬಾರಿನ ವಿಚಾರಕ್ಕೆ ಬಂದಿದ್ಯಲ್ಲಪ್ಪ, ಅದ್ಕೆ ಹದಿನೈದು ದಿನ ಮುಂಚೆ ಬೆಂಗ್ಳೂರಿಗೆ ತೋರ್ಸಕ್ಕೆ ಹೋಗಿದ್ದೋ. ಕುತ್ತಿಗೆ ನರ ಅಮುಕ್ತಾ ಅದೆ, ಒಂದು ಕೊಡ ನೀರೂ ಹೊರ್ಕೂಡ್ದು ಅಂದಿದ್ರು ಡಾಕ್ಟ್ರು. ಯಾರ್ಗೂ ಹೇಳ್ಬ್ಯಾಡ ಅಂತ ನನ್ ಕೈಲಿ ಆಣೆ ಇಕ್ಕಿಸ್ಕೊಂಡ್ರು. ಅವತ್ತು ಸೋಮ್ವಾರ ಹೊರಡುವಾಗ ಬಾಗ್ಲಿಗೆ ಅಡ್ಡ ನಿಂತೆ. ಏನಂದ್ರು ಗೊತ್ತಾ? ಹತ್ತು ವರ್ಸದಿಂದ ಬಾ ಮೇಷ್ಟ್ರೇ ಅಂತ ಒಬ್ರೂ ಕರೀಲಿಲ್ಲ ಕಣೇ. ಇವ್ನು ಕರ್ದವ್ನೆ. ಇವ್ನಿಗೂ ಆಗಲ್ಲ ಅಂದ್ರೆ ನಾನ್ಯಾವ ಮೇಷ್ಟ್ರು ಅಂದ್ರು."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ಲೋಟ ನೋಡುತ್ತ ಕೂತಿದ್ದೆ.

"ನೀನು ಅದ್ನೇ ಮನ್ಸಿಗೆ ಹಚ್ಕೊಂಡಿದೀಯ, ಎರಡು ವರ್ಸದಿಂದ ನೋಡ್ತಾ ಇದೀನಿ. ಬಂದ್ರೆ ತಲೆ ಎತ್ತಲ್ಲ. ಬ್ಯಾಡ ಕಣಪ್ಪ. ನಿಂಗೇನ್ ಗೊತ್ತಿತ್ತು? ಗೊತ್ತಿದ್ದಿದ್ರೆ ನೀನು ಹೊರಕ್ಕೆ ಬುಡ್ತಿದ್ಯಾ?"

ಕುಣಿಗಲ್ಲಿನ ಕಾಫಿ, ತಪ್ಪಿದ ಗುಂಡಿ, ಬೆರಳಿಗೆ ಸಿಗದ ನಿಂಬೆಹಣ್ಣು, ಎಲ್ಲ ನಾಲಗೆಯ ತುದಿಗೆ ಬಂದು ನಿಂತವು. ಹೇಳಿಬಿಡಬೇಕು ಅಂತ ತಲೆ ಎತ್ತಿದೆ. ಆ ಅಮ್ಮ ನನ್ನನ್ನೇ ನೋಡುತ್ತಿದ್ದರು, ಒಂದು ಉತ್ತರಕ್ಕೆ ಕಾಯುತ್ತ.

"ಇಲ್ಲ ಅಮ್ಮ, ಗೊತ್ತಿರಲಿಲ್ಲ" ಅಂದೆ.